ಅರಮನೆ ಇಲ್ಲದವರ ವಂಶಾವಳಿ



ತನ್ನ ಹಿರಿಯರ ಹೆಸರು ಊರಿನ ನಾಲಿಗೆಯ ಮೇಲೆ ಇನ್ನಷ್ಟು ಕಾಲ ಇರಲಿ ಎಂದು ಒಂದು ಮನೆ ಕಟ್ಟಿದ ಗಂಟೇ ದತ್ತಿ. ಹಾಗಾಗಿ ಇವತ್ತಿನ ಉಪನ್ಯಾಸಕ್ಕೆ ಮನೆತನದ ಚರಿತ್ರೆಯನ್ನೇ ವಿಷಯವಾಗಿ ಆರಿಸಿಕೊಂಡೆ. ರಾಜಮನೆತನದ ಚರಿತ್ರೆ ಬೇಡ, ಅದಕ್ಕೆ ಪಠ್ಯಪುಸ್ತಕಗಳಿವೆ. ದೇಸಗತಿ, ಗೌಡಕಿ, ಕುಲಕರ್ಣಿಕಿ ಇದ್ದ ಮನೆಗಳಲ್ಲೂ ಸನದು, ಮಹಜರು, ಏನಿಲ್ಲವೆಂದರೂ ವತನದ ಜಗಳದ ನಾಲ್ಕು ಕಾಗದ ಸಿಕ್ಕಾವು. ಉಳಿದವರ ಮನೆಯಲ್ಲಿ ಏನಿದೆ? ಹೊಲದ ಉತಾರ. ಅದರಲ್ಲಿ ಅಜ್ಜನ ಹೆಸರು, ಪುಣ್ಯವಿದ್ದರೆ ಮುತ್ತಜ್ಜನ ಹೆಸರು. ಅದರಾಚೆಗೆ ಎಲ್ಲರೂ ಒಟ್ಟಾಗಿ ‘ಹಿರೇರು’. ಮಹಾನವಮಿಗೆ ಅವರಿಗೆ ಎಡೆ ಹಿಡಿಯುತ್ತೇವೆ, ಹೆಸರು ಮಾತ್ರ ಗೊತ್ತಿರುವುದಿಲ್ಲ.

ಹೊರಗೆ ನಿಂತವರ ಮನೆತನ ಚರಿತ್ರೆಯೊಳಗೆ ಹೇಗೆ ಬರುತ್ತದೆ? ಬಂದರೆ ಅದನ್ನು ಯಾರು ಬರೆಯುತ್ತಾರೆ? ಇದು ನನ್ನ ಪ್ರಶ್ನೆ. ಉತ್ತರಕ್ಕೆ ಮೊದಲು ದೂರದ ರೋಮಿಗೆ ಹೋಗಿ, ಆಮೇಲೆ ಕೃಷ್ಣೆ–ಭೀಮೆಯ ನಡುವಿನ ನಮ್ಮ ಸೀಮೆಗೆ ಬರುತ್ತೇನೆ.

ಕ್ರಿಸ್ತಪೂರ್ವ 509ರಲ್ಲಿ ರೋಮಿನವರು ಅರಸನನ್ನು ಓಡಿಸಿ ಗಣರಾಜ್ಯ ಮಾಡಿಕೊಂಡರು. ಆದರೆ ಅಧಿಕಾರ ಹೋಗಿ ಕುಳಿತದ್ದು ಪೆಟ್ರಿಶಿಯನ್ ಎನ್ನಿಸಿಕೊಂಡ ಕೆಲವೇ ಕುಲಗಳಲ್ಲಿ. ಉಳಿದವರೆಲ್ಲ ಪ್ಲೆಬಿಯನ್ನರು. ಪ್ಲೆಬಿಯನ್ ಎಂದರೆ ಬಡವನೆಂದೇ ತಿಳಿಯಬೇಕಾಗಿಲ್ಲ. ಅವರಲ್ಲಿ ಸಿರಿವಂತರೂ ಇದ್ದರು, ಹೊಲವಿದ್ದವರೂ ಇದ್ದರು. ಆದರೆ ಎಷ್ಟು ಹೊಲವಿದ್ದರೇನು, ರಾಜ್ಯದ ಅತ್ಯುನ್ನತ ಅಧಿಕಾರಿಯಾದ ಕಾನ್ಸಲ್ ಆಗುವಂತಿಲ್ಲ, ದೊಡ್ಡ ಪೂಜಾರಿಕೆ ಸಿಗುವಂತಿಲ್ಲ. ಕ್ರಿ.ಪೂ. 450ರ ಹೊತ್ತಿಗೆ ಬರೆದಿಟ್ಟ ಹನ್ನೆರಡು ಫಲಕಗಳ ಶಾಸನ ಮೇಲಿನವರ ಮತ್ತು ಕೆಳಗಿನವರ ನಡುವೆ ಮದುವೆಯನ್ನೇ ನಿಷೇಧಿಸಿತು. ಬಡ ಪ್ಲೆಬಿಯನ್ನರ ಪಾಡು ಬೇರೆಯೇ. ಸಾಲ ತೀರಿಸಲಾಗದವನು ಸಾಲ ಕೊಟ್ಟವನ ಮನೆಯಲ್ಲಿ ಮೈಯಿಂದ ದುಡಿದು ತೀರಿಸಬೇಕು. ಜೀತ ಕಂಡ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿ.ಪೂ. 494ರಲ್ಲಿ ಈ ಜನ ಒಂದು ಕೆಲಸ ಮಾಡಿದರು. ಬಡಿದಾಡಲಿಲ್ಲ, ಊರು ಬಿಟ್ಟು ಗುಡ್ಡಕ್ಕೆ ಹೋಗಿ ಕುಳಿತರು. ದಂಡಿಗೆ ಆಳಿಲ್ಲ, ಹೊಲಕ್ಕೆ ಕೈಯಿಲ್ಲ. ಮೇಲಿನವರು ಮಣಿದು, ಪ್ಲೆಬಿಯನ್ನರಿಗೆ ತಮ್ಮದೇ ಪ್ರತಿನಿಧಿಗಳಾದ ಟ್ರಿಬ್ಯೂನರನ್ನು ಆರಿಸಿಕೊಳ್ಳುವ ಹಕ್ಕು ಕೊಟ್ಟರು. ಇತಿಹಾಸಕಾರ ಲಿವಿ ಹೆಸರಿಸುವ ಮೊದಲ ಟ್ರಿಬ್ಯೂನರಲ್ಲಿ ಒಬ್ಬ ಗಾಯಸ್ ಲಿಕಿನಿಯಸ್. ಈ ಲಿಕಿನಿಯಸ್ ಮನೆತನದ ಬೆನ್ನು ಹತ್ತಿ ನಾಲ್ಕು ನೂರು ವರ್ಷ ನಡೆದರೆ ನನ್ನ ಪ್ರಶ್ನೆಯ ಒಂದು ಮುಖ ಕಾಣುತ್ತದೆ.

ಕ್ರಿ.ಪೂ. 445ರಲ್ಲಿ ಕಾನುಲೆಯಸ್ ಎಂಬ ಟ್ರಿಬ್ಯೂನ್ ಮದುವೆಯ ನಿಷೇಧ ತೆಗೆಸಿದ. 400ರಲ್ಲಿ ಒಬ್ಬ ಲಿಕಿನಿಯಸ್ ಕಾನ್ಸಲ್‌ಗೆ ಸಮನಾದ ದಂಡಾಧಿಕಾರ ಪಡೆದ. ಮುಂದೆ 376ರಲ್ಲಿ ಟ್ರಿಬ್ಯೂನನಾದ ಲಿಕಿನಿಯಸ್ ಸ್ಟೋಲೊ. ಸ್ಟೋಲೊ ಎಂಬುದು ಮನೆಗೆ ಅಂಟಿದ ಅಡ್ಡಹೆಸರು. ಮರದ ಬುಡದಲ್ಲಿ ಏಳುವ ಬೇಡದ ಚಿಗುರು ಎಂದರ್ಥ. ತನ್ನ ತೋಟದಲ್ಲಿ ಅಂಥ ಒಂದು ಚಿಗುರೂ ಉಳಿಯದಂತೆ ಕಿತ್ತು ತೆಗೆಯುತ್ತಿದ್ದನೆಂದು ಆ ಹೆಸರು ಬಂತೆಂದು ವಾರೊ ಎಂಬ ವಿದ್ವಾಂಸ ಬರೆದಿದ್ದಾನೆ. ಈ ಸಭೆಯಲ್ಲಿ ದ್ರಾಕ್ಷಿ ತೋಟದವರು ಬಹಳ ಜನ ಇದ್ದೀರಿ, ಅವನ ಶಿಸ್ತು ನಿಮಗೆ ಮೆಚ್ಚಿಗೆಯಾದೀತು.

ಈ ಸ್ಟೋಲೊನ ಹೆಂಡತಿ ಮೇಲಿನವರ ಫೇಬಿಯಸ್ ಮನೆಯ ಮಗಳು. ಲಿವಿ ಒಂದು ಕಥೆ ಹೇಳುತ್ತಾನೆ. ಆಕೆ ಅಕ್ಕನ ಮನೆಗೆ ಹೋದಾಗ ಭಾವನ ಮುಂದೆ ನಡೆಯುವ ಚೋಪದಾರ ಬಾಗಿಲು ಬಡಿದ. ತಂಗಿ ಬೆಚ್ಚಿದಳು, ಅಕ್ಕ ನಕ್ಕಳು. ಆ ನಗು ತಂಗಿಯ ಎದೆಗೆ ನಾಟಿತು. ತಂದೆಯೂ ಗಂಡನೂ ಸೇರಿ ಕಾಯ್ದೆ ಬದಲಿಸಲು ಹೊರಟರು. ಕಥೆ ಚೆನ್ನಾಗಿದೆ, ನಂಬುವುದು ಕಷ್ಟ. ಆ ತಂದೆ ತಾನೇ ಹಿಂದೆ ಅಧಿಕಾರದಲ್ಲಿದ್ದವನು. ಮಗಳು ಚೋಪದಾರನ ಸಪ್ಪಳ ಕೇಳದೆ ಬೆಳೆದಿರಲಾರಳು. ದೊಡ್ಡ ಹೋರಾಟವೊಂದನ್ನು ಹೆಂಗಸಿನ ಹೊಟ್ಟೆಕಿಚ್ಚಿಗೆ ಕಟ್ಟಿ ಸಣ್ಣದು ಮಾಡುವ ಚಾಳಿ ಎಲ್ಲ ದೇಶದ ಬಖೈರುಗಳಲ್ಲೂ ಇದೆ.

ಸ್ಟೋಲೊ ಮತ್ತು ಅವನ ಜೊತೆಗಾರ ಸೆಕ್ಸ್ಟಿಯಸ್ ಹತ್ತು ವರ್ಷ ಹಟ ಹಿಡಿದು, ಕ್ರಿ.ಪೂ. 367ರಲ್ಲಿ ಮೂರು ಕಾಯ್ದೆ ಪಾಸು ಮಾಡಿಸಿದರು. ಕೊಟ್ಟ ಬಡ್ಡಿಯನ್ನು ಅಸಲಿನಲ್ಲಿ ವಜಾ ಮಾಡಿ, ಉಳಿದದ್ದನ್ನು ಮೂರು ವರ್ಷದ ಕಂತಿನಲ್ಲಿ ತೀರಿಸುವುದು ಒಂದು. ಸರಕಾರಿ ಭೂಮಿಯನ್ನು ಒಬ್ಬನು 500 ಯೂಗೆರ, ನಮ್ಮ ಲೆಕ್ಕದಲ್ಲಿ ಸುಮಾರು 310 ಎಕರೆಗಿಂತ ಹೆಚ್ಚು ಹಿಡಿಯಬಾರದು ಎಂಬುದು ಇನ್ನೊಂದು. ಇಬ್ಬರು ಕಾನ್ಸಲರಲ್ಲಿ ಒಬ್ಬನು ಪ್ಲೆಬಿಯನ್ ಇರಬೇಕು ಎಂಬುದು ಮೂರನೆಯದು. ಮರುವರ್ಷವೇ ಸೆಕ್ಸ್ಟಿಯಸ್ ಮೊದಲ ಪ್ಲೆಬಿಯನ್ ಕಾನ್ಸಲ್ ಆದ.

ಮುಂದಿನದನ್ನು ಕೇಳಿ. ಕ್ರಿ.ಪೂ. 357ರಲ್ಲಿ ಸ್ಟೋಲೊನೇ ತನ್ನ ಕಾಯ್ದೆಯ ಕೆಳಗೆ ಸಿಕ್ಕಿಬಿದ್ದು ಹತ್ತು ಸಾವಿರ ನಾಣ್ಯ ದಂಡ ಕಟ್ಟಿದ. ಸಾವಿರ ಯೂಗೆರ ಹಿಡಿದಿದ್ದ. ಮಗನನ್ನು ಕಾಗದದ ಮೇಲೆ ಬೇರೆ ಮಾಡಿ ಅರ್ಧ ಅವನ ಪಾಲೆಂದು ತೋರಿಸಿದ್ದ. 1974ರ ಭೂಸುಧಾರಣೆಯ ಹೊತ್ತಿಗೆ ನಮ್ಮ ತಾಲ್ಲೂಕು ಕಚೇರಿಗಳ ಮುಂದೆ ವಾಟಣಿ ಪತ್ರಕ್ಕೆ ಸಾಲು ಹಚ್ಚಿದವರು ಈ ಗೃಹಸ್ಥನನ್ನು ಕಂಡವರಲ್ಲ, ಆದರೆ ದಾರಿ ಒಂದೇ.

ಒಮ್ಮೆ ಒಳಗೆ ಹೋದ ಮೇಲೆ ಆ ಮನೆತನ ಹಿಂದಿರುಗಿ ನೋಡಲಿಲ್ಲ. ಹಳೆಯ ಪೆಟ್ರಿಶಿಯನ್ನರೂ ಅಧಿಕಾರ ಕಂಡ ಪ್ಲೆಬಿಯನ್ ಮನೆಗಳೂ ಕೂಡಿ ಹೊಸ ಕುಲೀನವರ್ಗ ಆಯಿತು. ಸ್ಪಾರ್ಟಕಸ್‌ನ ಗುಲಾಮರ ದಂಗೆಯನ್ನು ಹತ್ತಿಕ್ಕಿ, ಸೆರೆ ಸಿಕ್ಕ ಆರು ಸಾವಿರ ಜನರನ್ನು ಕ್ರಿ.ಪೂ. 71ರಲ್ಲಿ ಹೆದ್ದಾರಿಯುದ್ದಕ್ಕೂ ಶಿಲುಬೆಗೆ ಏರಿಸಿದ ಮಹಾಸಿರಿವಂತ ಕ್ರಾಸಸ್ ಯಾರು? ಪೂರ್ತಿ ಹೆಸರು ಮಾರ್ಕಸ್ ಲಿಕಿನಿಯಸ್ ಕ್ರಾಸಸ್. ಗುಡ್ಡ ಹತ್ತಿ ಕುಳಿತವರ ಕುಲ.

ಆ ಮನೆತನದ ಕಥೆ ಬರೆದವರು ಯಾರು? ಅದರವರೇ. ಅಧಿಕಾರ ಕಂಡ ರೋಮನ್ ಮನೆಗಳ ಪಡಸಾಲೆಯಲ್ಲಿ ಹಿರಿಯರ ಮೇಣದ ಮುಖವಾಡಗಳನ್ನು ಮರದ ಗೂಡಿನಲ್ಲಿ ಇಡುತ್ತಿದ್ದರು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಸತ್ತ ಹಿರಿಯರ ಎತ್ತರ, ಮೈಕಟ್ಟು ಹೋಲುವವರನ್ನು ಹುಡುಕಿ ಆ ಮುಖವಾಡ ತೊಡಿಸಿ, ಅವರವರ ಹುದ್ದೆಯ ಅಂಚಿನ ಬಟ್ಟೆ ಉಡಿಸಿ, ಮೆರವಣಿಗೆ ಮಾಡಿ ಚೌಕದಲ್ಲಿ ದಂತದ ಕುರ್ಚಿಯ ಮೇಲೆ ಕೂಡಿಸುತ್ತಿದ್ದರು. ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಇದನ್ನು ವಿವರವಾಗಿ ಬರೆದಿದ್ದಾನೆ. ಆಮೇಲೆ ಮಗನೋ ತಮ್ಮನೋ ಎದ್ದು ಒಬ್ಬೊಬ್ಬರ ಸಾಧನೆ ಹೇಳಬೇಕು. ಈ ಭಾಷಣಗಳಲ್ಲಿ ಇಲ್ಲದ ಗೆಲುವು, ಇಲ್ಲದ ಕಾನ್ಸಲ್‌ಗಿರಿ ಸೇರಿಕೊಂಡು ರೋಮಿನ ಚರಿತ್ರೆಯೇ ಕೆಟ್ಟಿತೆಂದು ವಾಗ್ಮಿ ಸಿಸೆರೊ ದೂರಿದ. ಲಿಕಿನಿಯಸ್ ಮಾಕೆರ್ ಎಂಬ ಇತಿಹಾಸಕಾರ ತನ್ನ ಕುಲವನ್ನು ಹೊಗಳಿಕೊಂಡದ್ದರಿಂದ ಅವನ ಮಾತಿಗೆ ತೂಕ ಕಡಿಮೆ ಎಂದು ಲಿವಿಯೂ ಬರೆದ. ಮನೆಯವರೇ ಬರೆದುಕೊಂಡರೆ ಹೀಗಾಗುತ್ತದೆ.

ಹಾಗಾದರೆ ಹೊರಗಿನವರು, ಅದರಲ್ಲೂ ವೈರಿಗಳು ಬರೆದರೆ? ಅದಕ್ಕೆ ಉದಾಹರಣೆ ನಮ್ಮ ಮಗ್ಗುಲಲ್ಲೇ ಇದೆ. ಮುದ್ದೇಬಿಹಾಳ, ಸಿಂದಗಿಯವರಿಗೆ ಸುರಪುರ ದೂರದ ಊರಲ್ಲ. ಆ ಸಂಸ್ಥಾನದ ನಾಯಕರು ಬೇಡ ಕುಲದವರು. ಸೂರ್ಯವಂಶ ಚಂದ್ರವಂಶದ ತಾಮ್ರಪಟ ಹಿಡಿದು ಬಂದವರಲ್ಲ. ಬಿಲ್ಲು, ಬಂದೂಕು, ಗುಡ್ಡದ ದಾರಿಯ ತಿಳಿವು ಇವೇ ಅವರ ಬಂಡವಾಳ. ಆದಿಲಶಾಹಿಗೆ ಸೈನ್ಯ ಒದಗಿಸುತ್ತ, ಭೂಮಿ ಗಳಿಸುತ್ತ, ವಾಗಣಗೇರಿ ಕೋಟೆಯಲ್ಲಿ ಬೇರು ಬಿಟ್ಟರು. 1686ರಲ್ಲಿ ಔರಂಗಜೇಬ ವಿಜಯಪುರ ಹಿಡಿದ. ಮರುವರ್ಷದ ಕೊನೆಗೆ ಸಗರದ ಕೋಟೆ ಒಪ್ಪಿಸಿ, ಆಗ ಆಳುತ್ತಿದ್ದ ಪಾಮ ನಾಯಕ ಬಾದಶಹನ ದರ್ಬಾರಿಗೆ ಹೋಗಬೇಕಾಯಿತು. ಹೋದ ಕೆಲವೇ ದಿನಗಳಲ್ಲಿ ತೀರಿಕೊಂಡ. ಆ ಭೇಟಿಯನ್ನು ಬರೆದ ಮೊಗಲ್ ಬಖೈರುಕಾರರ ಕಣ್ಣಿಗೆ ಬಿದ್ದದ್ದು ಏನು? ಅವನ ಮೈಬಣ್ಣ, ಅವನ ರೂಪ, ಅವನ ಕುಲ. ಕೋಟೆ ಆಳಿದವನ ಬಗ್ಗೆ ದರ್ಬಾರಿಗಳು ಆಡಿಕೊಂಡ ನಗೆಮಾತನ್ನು ಪಾರ್ಸಿ ಗದ್ಯದಲ್ಲಿ ಅಲಂಕಾರ ಮಾಡಿ ಬರೆದಿಟ್ಟರು.

ಆ ನಗೆಗೆ ಹದಿನೇಳು ವರ್ಷದ ಮೇಲೆ ಉತ್ತರ ಬಂತು. 1705ರ ಫೆಬ್ರುವರಿಯಲ್ಲಿ, ತೊಂಬತ್ತರ ಅಂಚಿನಲ್ಲಿದ್ದ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ವಾಗಣಗೇರಿಗೆ ಮುತ್ತಿಗೆ ಹಾಕಿದ. ಕೋಟೆಯೊಳಗೆ ಪಾಮ ನಾಯಕನ ನಂತರ ಬಂದ ಪಿಡ್ಡ ನಾಯಕ. ಹಿಂದೂಸ್ತಾನದ ತುಂಬ ಕೋಟೆ ಮುರಿದ ದಂಡಿಗೆ ಈ ಗುಡ್ಡದ ಕೋಟೆ ಹಿಡಿಯಲು ಏಪ್ರಿಲ್ ಕೊನೆಯವರೆಗೆ ಬೇಕಾಯಿತು. ನಡುವೆ ಸಂಧಾನದ ಮಾತು, ಮರಾಠರ ನೆರವು, ಎರಡೂ ಕಡೆ ಮೋಸ, ಎಲ್ಲವೂ ನಡೆಯಿತು. ಕಡೆಗೆ ಮೊಗಲರು ಒಳನುಗ್ಗಿದಾಗ ನಾಯಕನೂ ಅವನ ಜನವೂ ರಾತ್ರಿಯೇ ಪಾರಾಗಿದ್ದರು. ಸಿಕ್ಕದ್ದು ಬೆಂಕಿ ಹತ್ತಿದ ಬರಿದು ಕೋಟೆ. ಔರಂಗಜೇಬನ ಕಟ್ಟಕಡೆಯ ಮುತ್ತಿಗೆ ಅದು. 1707ರಲ್ಲಿ ಅಹಮದನಗರದಲ್ಲಿ ಅವನು ಕಣ್ಣು ಮುಚ್ಚಿದ. ನಾಯಕರು ಸುರಪುರದಲ್ಲಿ ಮತ್ತೆ ನೆಲೆ ನಿಂತರು, ಇನ್ನೂ ಒಂದೂವರೆ ಶತಮಾನ ಆಳಿದರು.

ರೋಮಿನಲ್ಲಿ ಕಾಯ್ದೆಯ ಬಾಗಿಲಿನಿಂದ ಪಡೆದದ್ದನ್ನು ಇಲ್ಲಿ ಕತ್ತಿ ಹಿಡಿದು ಪಡೆದರು ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ಕೆಳಗಿನಿಂದ ಬಂದ ಈ ಮನೆತನದ ಪಾಲಿಗೆ ಅದರದೇ ಕುಲದ ಮಾಕೆರ್ ಒಬ್ಬ ಹುಟ್ಟಲಿಲ್ಲ. ಅದರ ಉತ್ತರಕಾಂಡವನ್ನೂ ಬರೆದವನು ಹೊರಗಿನವನೇ, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. 1841ರಲ್ಲಿ ಸುರಪುರಕ್ಕೆ ಬಂದು, ಬಾಲಕ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಆಡಳಿತ ನಡೆಸಿದ. ಅವನು ಒಳ್ಳೆಯ ಆಡಳಿತಗಾರ, ಒಳ್ಳೆಯ ಬರಹಗಾರ. ಹುಡುಗನ ಮೇಲೆ ನಿಜವಾದ ಪ್ರೀತಿಯಿತ್ತು, ಹುಡುಗ ಅವನನ್ನು ‘ಅಪ್ಪಾ’ ಎನ್ನುತ್ತಿದ್ದ. ಆದರೂ ಅವನ ಆತ್ಮಕಥೆಯಲ್ಲಿ ಬರುವ ಸುರಪುರ ಒಬ್ಬ ಪೋಷಕನ ಕಣ್ಣಿನ ಸುರಪುರ. ಹುಡುಗ ಇಪ್ಪತ್ತನಾಲ್ಕು ದಾಟುವುದಿಲ್ಲವೆಂದು ಹೇಳಿದ ಜಾತಕ, ಅರಮನೆಯ ಒಳಜಗಳ, ದಾರಿ ತಪ್ಪಿಸಿದ ಮಂದಿ, ಇವೆಲ್ಲ ಅಲ್ಲಿವೆ. 1858ರ ಫೆಬ್ರುವರಿಯಲ್ಲಿ ಇಂಗ್ಲಿಷರ ಮೇಲೆ ಕತ್ತಿ ಹಿರಿದ ತರುಣ ಅರಸ ಏನು ಯೋಚಿಸಿದನೋ ಅದೂ ಅಲ್ಲಿ ಟೇಲರನ ಬರಹದ ಮೂಲಕವೇ ನಮಗೆ ಸಿಗುತ್ತದೆ. ಹೈದರಾಬಾದಿನಲ್ಲಿ ಸೆರೆಯಾದ, ಶಿಕ್ಷೆ ಇಳಿಯುತ್ತ ಬಂದು ನಾಲ್ಕು ವರ್ಷದ ಸೆರೆವಾಸಕ್ಕೆ ನಿಂತಿತ್ತು, ಮದ್ರಾಸಿನ ಕಡೆ ಸಾಗಿಸುವಾಗ, ಅದೇ ವರ್ಷದ ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಸತ್ತ. ತಾನೇ ಹಾರಿಸಿಕೊಂಡನೋ, ಬೇರೆಯವರು ಹಾರಿಸಿದರೋ ಎಂಬ ವಾದ ಇನ್ನೂ ಮುಗಿದಿಲ್ಲ. ಸಾಕ್ಷಿ ಎಲ್ಲ ಒಂದೇ ಕಡೆಯವರದು, ವಾದ ಮುಗಿಯುವುದಾದರೂ ಹೇಗೆ?

ಅದಕ್ಕೆ ಕೆಲವು ತಿಂಗಳ ಮೊದಲು, ಅದೇ ಬೇಡ ಸಮುದಾಯದ, ಆದರೆ ಅರಮನೆಯೂ ಕೋಟೆಯೂ ಇಲ್ಲದ ಇನ್ನೊಂದು ಗುಂಪು ಸತ್ತಿತ್ತು. ಮುಧೋಳದ ಹತ್ತಿರದ ಹಲಗಲಿ. ಆಯುಧ ಒಪ್ಪಿಸಿರಿ ಎಂಬ ಹುಕುಂ ಬಂದಾಗ ಅವರು ಒಪ್ಪಲಿಲ್ಲ. 1857ರ ನವೆಂಬರ್ ಕೊನೆಗೆ ಕುಂಪಣಿಯ ದಂಡು ಊರು ಸುಟ್ಟಿತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೆ ಹಾಕಿದರು. ಇವರ ಚರಿತ್ರೆಯನ್ನು ಇಟ್ಟವರು ಲಾವಣಿಕಾರರು. ಜೆ. ಎಫ್. ಫ್ಲೀಟ್ ಎಂಬ ಶಾಸನತಜ್ಞ ಅಧಿಕಾರಿ ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ಇವತ್ತು ಹತ್ತನೆಯ ಇಯತ್ತೆಯ ಮಕ್ಕಳೂ ಅದನ್ನು ಓದುವಂತಾಯಿತು.

ಆ ಲಾವಣಿಯ ಒಂದು ಗುಣವನ್ನು ಪಂಡಿತರು ಅಷ್ಟಾಗಿ ಗಮನಿಸಿಲ್ಲ. ಜಡಗ, ಬಾಲ, ಹನುಮ, ರಾಮ ಎಂದು ಸತ್ತವರ ಹೆಸರು ಹೇಳಿ ಅಲ್ಲಿಗೆ ನಿಲ್ಲುವುದಿಲ್ಲ. ಲೂಟಿಯಾದ ಸಾಮಾನಿನ ಪಟ್ಟಿ ಕೊಡುತ್ತದೆ: ಹೊಲಮನೆಯ ಕಬ್ಬಿಣದ ಸಲಕರಣೆ, ಹಾಲು, ಮೊಸರು, ಉಪ್ಪು, ಅರಿಷಿಣ, ಬೆಲ್ಲ, ಅಡುಗೆಮನೆಯ ಪಾತ್ರೆ. ದಂಡಿನ ವರದಿಗೆ ಬೇಕಾದದ್ದು ಎಷ್ಟು ಜನ ಸತ್ತರು, ಎಷ್ಟು ಆಯುಧ ಸಿಕ್ಕವು ಎಂಬುದು. ಒಕ್ಕಲು ಹೋದಾಗ ಅದರ ಜೊತೆಗೆ ಏನೇನು ಹೋಯಿತು ಎಂಬುದು ಲಾವಣಿಗೆ ಮಾತ್ರ ಗೊತ್ತಿತ್ತು. ಸಾಮಾನ್ಯರ ಮನೆತನದ ಚರಿತ್ರೆಯನ್ನು ನಾನು ಹೀಗೆ ಓದಲು ಬಯಸುತ್ತೇನೆ, ಅರಿಷಿಣದ ಗಂಟಿನ ಸಮೇತ.

ಇಲ್ಲಿಯವರೆಗೆ ಹೇಳಿದ್ದು ಸದ್ದು ಮಾಡಿದವರ ಮಾತು. ದಂಗೆಯೇಳದ, ಗಲ್ಲಿಗೇರದ, ಬಿತ್ತಿ ಬೆಳೆದು ಸಾಲ ತೀರಿಸಿ ಹೋದ ಮನೆತನಗಳ ಗತಿ? ಅವರಿಗೂ ಒಬ್ಬ ಚರಿತ್ರೆಕಾರ ಇದ್ದಾನೆ. ರೋಮಿನಲ್ಲಿ ಪ್ಲೆಬಿಯನ್ನರಿಗೆ ಇಂಥವನೊಬ್ಬ ಇದ್ದದ್ದು ನಾನಂತೂ ಓದಿಲ್ಲ. ಅವನೇ ನಮ್ಮ ಹೇಳವ.

ಇಲ್ಲಿ ಕುಳಿತ ಹಿರಿಯರು ಅವನನ್ನು ಕಂಡಿದ್ದೀರಿ. ಸುಗ್ಗಿ ಮುಗಿದ ಹೊತ್ತಿಗೆ, ಇನ್ನೂ ಬೆಳಕು ಹರಿಯುವಾಗಲೇ ಎತ್ತಿನ ಮೇಲೆ ಕುಳಿತು, ಕಾಲಿನ ಮೇಲೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಓಣಿಗೆ ಬರುವವನು. ಮನೆ ಮುಂದೆ ನಿಂತು ಯಜಮಾನನ ಹೆಸರು ಹಿಡಿದು ಕೂಗಿ, ಅವನ ತಂದೆ, ಅವನ ತಂದೆ ಎಂದು ಏರುತ್ತ ಹೋಗುತ್ತಾನೆ. ಮೂಲ ಯಾವ ಊರು, ಬೆಡಗು ಯಾವುದು, ಮನೆದೇವರು ಯಾರು, ಯಾವ ಬರದಲ್ಲಿ ಊರು ಬಿಟ್ಟರು, ಯಾರಿಗೆ ಮಕ್ಕಳಿಲ್ಲದೆ ಯಾರನ್ನು ದತ್ತಕ ತಂದರು, ಎಷ್ಟು ಜನ ಅಣ್ಣತಮ್ಮರು ಯಾವ ಊರಿಗೆ ಚದುರಿದರು. ಹಿಂದೆ ಓಲೆಗರಿಯಲ್ಲಿ ಇದ್ದದ್ದು ಆಮೇಲೆ ಕಾಗದದ ಹೊತ್ತಿಗೆಗೆ ಬಂತು. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕೊಟ್ಟ ಕಾಳು, ಬಟ್ಟೆ, ಮನೆ ಗಟ್ಟಿಯಿದ್ದರೆ ಒಂದು ಕರು, ಇಷ್ಟು ಕಟ್ಟಿಕೊಂಡು ಮುಂದಿನ ಊರಿಗೆ. ಯಾವ ಹೇಳವನಿಗೆ ಯಾವ ಒಕ್ಕಲು ಎಂಬುದೂ ತಲೆಮಾರಿನಿಂದ ಬಂದ ಹಂಚಿಕೆ. ಅವನ ಒಕ್ಕಲುಗಳೋ, ಬಹುಮಟ್ಟಿಗೆ ಹೊಲಮನೆ, ಕುರಿ, ಕಾಯಕ ನಂಬಿದವರು. ಮೇಣದ ಮುಖವಾಡಕ್ಕೆ ಹುದ್ದೆ ಬೇಕಿತ್ತು. ಹೇಳವನ ಹೊತ್ತಿಗೆಗೆ ಸೇರಲು ಹುಟ್ಟಿದರೆ ಸಾಕು.

ಹೇಳವನ ಮಾತು ವೇದವಾಕ್ಯವೇ ಎಂದು ಕೇಳಿದರೆ, ಅಲ್ಲ. ಉಣ್ಣಿಸುವ ಮನೆಯನ್ನು ಅವನು ಹೊಗಳುತ್ತಾನೆ. ಸಿಸೆರೊನ ದೂರು ಇವನಿಗೂ ಒಂದಿಷ್ಟು ತಟ್ಟುತ್ತದೆ. ಮೂಲಪುರುಷನ ಹತ್ತಿರ ಹೋದಂತೆ ಕಥೆಗೆ ಪವಾಡದ ಬಣ್ಣ ಬರುತ್ತದೆ, ಇಸವಿ ಇರುವುದಿಲ್ಲ. ಆದರೆ ನಾಲ್ಕೈದು ತಲೆಮಾರಿನ ಈಚೆಗೆ ಅವನು ಹೇಳಿದ್ದನ್ನು ತಾಳೆ ನೋಡಲು ನಮ್ಮ ಹತ್ತಿರ ಸಾಮಗ್ರಿ ಇದೆ. ಸರ್ವೆಯ ಕಾಲದ ಭೂದಾಖಲೆ, ಕನ್ನಡ ಶಾಲೆಯ ದಾಖಲಾತಿ ರಜಿಸ್ಟರು, ಜಾತ್ರೆ ಕಮಿಟಿಯ ಪಟ್ಟಿ ಪುಸ್ತಕ. 1876–78ರ ಭೀಕರ ಬರ ಈ ಜಿಲ್ಲೆಯನ್ನು ಹೇಗೆ ಬಡಿಯಿತೆಂಬುದಕ್ಕೆ ಸರಕಾರದ ಅಂಕಿ ಇವೆ. ಯಾವ ಮನೆಯ ಯಾವ ಕವಲು ಆ ಬರದಲ್ಲಿ ಕಡಿದುಹೋಯಿತು ಎಂಬುದನ್ನು ಹೇಳುವವನು ಹೇಳವನೇ. ಎರಡನ್ನೂ ಮಗ್ಗುಲಿಗೆ ಮಗ್ಗುಲು ಇಟ್ಟು ಓದುವ ಕೆಲಸ ವಿಶ್ವವಿದ್ಯಾಲಯಗಳು ಮಾಡಬೇಕಾದಷ್ಟು ಮಾಡಿಲ್ಲ. ಶಾಸನ ಓದಿದವನಿಗೆ ಸಿಗುವ ಮರ್ಯಾದೆ ಹೇಳವನ ಹೊತ್ತಿಗೆ ಓದಿದವನಿಗೆ ಇಲ್ಲ. ಇದು ತಪ್ಪೆಂದೇ ನನ್ನ ಅಭಿಪ್ರಾಯ.

ಒಂದು ದೊಡ್ಡ ಕೊರತೆಯನ್ನು ಮಾತ್ರ ಮುಚ್ಚಿಡಬಾರದು. ರೋಮಿನಲ್ಲಿ ಲಿಕಿನಿಯಸನ ಮಗಳಿಗೆ ಬೇರೆ ಹೆಸರೇ ಇರಲಿಲ್ಲ; ಮೊದಲನೆಯವಳೂ ಲಿಕಿನಿಯ, ಎರಡನೆಯವಳೂ ಲಿಕಿನಿಯ. ನಮ್ಮ ವಂಶಾವಳಿಯಲ್ಲೂ ಗಂಡಿನ ಹೆಸರಿಗೆ ಗಂಡಿನ ಹೆಸರು ಗಂಟು ಹಾಕಿಕೊಂಡು ಹೋಗುತ್ತದೆ. ಮಗಳು ಎಂದರೆ ‘ಕೊಟ್ಟ ಊರು’. ಈ ಕೊರತೆಯನ್ನು ಅರ್ಧದಷ್ಟಾದರೂ ತುಂಬಿದವರು ಇದೇ ನೆಲದವರು. ಹಲಸಂಗಿಯ ಮಧುರಚೆನ್ನ, ಕಾಪಸೆ ರೇವಪ್ಪ, ಧೂಲಾಸಾಹೇಬ, ಈ ಚಡಚಣದ ಸಿಂಪಿ ಲಿಂಗಣ್ಣ. ಈ ಗೆಳೆಯರು ಬೀಸುವ ಕಲ್ಲಿನ ಮುಂದೆ ಕುಳಿತ ಅವ್ವಂದಿರ ಬಾಯಿಂದ ಬರೆದುಕೊಂಡದ್ದು 1931ರಲ್ಲಿ ‘ಗರತಿಯ ಹಾಡು’ ಆಗಿ ಬಂತು. ತವರು, ಅಣ್ಣ, ಅತ್ತೆಮನೆ, ತೊಟ್ಟಿಲು, ಇವೆಲ್ಲ ಅಲ್ಲಿ ಮನೆತನದ ಚರಿತ್ರೆಯೇ, ಹೆಣ್ಣಿನ ಕಡೆಯಿಂದ ಕಂಡದ್ದು. ಆ ಪುಸ್ತಕವನ್ನು ಬರೇ ಕಾವ್ಯವೆಂದು ಹೊಗಳಿ ಕಪಾಟಿನಲ್ಲಿಟ್ಟದ್ದು ಸಾಕು. ಈ ಸೀಮೆಯ ಸಾಮಾಜಿಕ ಚರಿತ್ರೆಯ ಆಕರವಾಗಿ ಅದನ್ನು ಓದುವುದು ಇನ್ನೂ ಬಾಕಿ ಇದೆ. ಹಾಡಿದ ತಾಯಂದಿರ ಹೆಸರು ಅಲ್ಲೂ ಉಳಿಯಲಿಲ್ಲ ಎಂಬ ಕೊರಗು ನನಗಿದೆ. ಆ ಕಾಲಕ್ಕೆ ಅದು ಯಾರಿಗೂ ಹೊಳೆಯುವ ಮಾತಾಗಿರಲಿಲ್ಲ, ಆದ್ದರಿಂದ ಗೆಳೆಯರನ್ನು ದೂರುವಂತಿಲ್ಲ.

ಈಗ ನಿಮ್ಮಲ್ಲಿ ನನ್ನ ಬೇಡಿಕೆ. ಹೇಳವರ ಮಕ್ಕಳು ಶಾಲೆ, ಕಾಲೇಜು, ನೌಕರಿ ಎಂದು ಬೇರೆ ದಾರಿ ಹಿಡಿದಿದ್ದಾರೆ. ಹಿಡಿಯಲೇಬೇಕು, ನಮ್ಮ ವಂಶಾವಳಿ ಕಾಯಲು ಅವರು ಎತ್ತಿನ ಮೇಲೆಯೇ ಇರಬೇಕು ಎನ್ನುವುದು ದುಷ್ಟತನ. ಹಾಗಾಗಿ ಕೆಲಸ ನಾವು ಮಾಡಬೇಕು. ಮುಂದಿನ ಸಲ ಹೇಳವ ನಿಮ್ಮ ಓಣಿಗೆ ಬಂದಾಗ ಎರಡು ಸೇರು ಜೋಳ ಕೊಟ್ಟು ಸಾಗಹಾಕಬೇಡಿರಿ. ಚಾಪೆ ಹಾಸಿ ಕೂಡಿಸಿರಿ, ಅವನ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಪೂರ್ತಿ ಧ್ವನಿಮುದ್ರಣ ಮಾಡಿಸಿರಿ, ಹೊತ್ತಿಗೆಯ ಹಾಳೆಗಳ ಫೋಟೊ ತೆಗೆಯಿರಿ, ಅವನ ಒಂದು ದಿನದ ದುಡಿಮೆಗೆ ಸರಿಯಾದ ಸಂಭಾವನೆ ಕೊಡಿರಿ. ಆಮೇಲೆ ಮನೆಯಲ್ಲಿ ವಯಸ್ಸಾದ ಅವ್ವ, ಆಯಿ ಇದ್ದರೆ ಅವರ ಹತ್ತಿರ ಕುಳಿತು ಅವರ ತಾಯಿಯ ಹೆಸರು, ಅವರ ತಾಯಿಯ ತಾಯಿಯ ಹೆಸರು, ತವರಿನ ಊರು ಕೇಳಿ ಅದೇ ವಹಿಯಲ್ಲಿ ಬರೆದುಕೊಳ್ಳಿರಿ. ಬರೆದದ್ದರ ಒಂದು ಪ್ರತಿ ಈ ಊರಿನ ಗ್ರಂಥಾಲಯಕ್ಕೆ ಕೊಡಿರಿ. ಈ ವರ್ಷದ ಸುಗ್ಗಿಯಿಂದಲೇ ಸುರುಮಾಡಿದರೆ ಒಳ್ಳೆಯದು. ಬಾಯಿಪಾಠ ಬಲ್ಲ ಹಿರಿಯ ಹೇಳವರು ಈಗ ಬಹಳ ಜನ ಉಳಿದಿಲ್ಲ.